ಬಣ್ಣ ನೋಡಿದೆವು, ಹಲಗೆ ಕೇಳಲಿಲ್ಲ

ಮಾನ್ಯ ಸಂಪಾದಕರೇ,

ಮಳೆಗಾಲ ಮುಗಿಯುತ್ತಿದ್ದಂತೆ ನಮ್ಮ ಕಡೆ ಮನೆ ಕೆಲಸಗಳು ಶುರುವಾಗುತ್ತವೆ. ಅಡುಗೆಮನೆಗೆ ಕಪಾಟು ಮಾಡಿಸುವವರು ಅಡ್ವಾನ್ಸ್ ಕೊಡುವ ಮೊದಲು ಈ ಪತ್ರ ಓದಲಿ ಎಂದು ಬರೆಯುತ್ತಿದ್ದೇನೆ.

ನಮ್ಮದು ತೀರ್ಥಹಳ್ಳಿ ತಾಲ್ಲೂಕಿನ ಹಳ್ಳಿ. ಆಷಾಢದಲ್ಲಿ ಇಲ್ಲಿ ಭರಣಿಯೊಳಗಿನ ಉಪ್ಪೂ ನೀರಾಗುತ್ತದೆ. ಮೂರು ವರ್ಷದ ಹಿಂದೆ ಅಡುಗೆಮನೆ ಹೊಸದು ಮಾಡಿಸಿದೆವು. ಅಂಗಡಿಯವರು ಸನ್‌ಮೈಕಾ ಬಣ್ಣಗಳ ಪುಸ್ತಕ ಮುಂದಿಟ್ಟರು. ನಾನೂ ಸೊಸೆಯೂ ಒಂದು ಗಂಟೆ ಕೂತು ಬಣ್ಣ ಆರಿಸಿದೆವು. ಅದರ ಹಿಂದಿನ ಹಲಗೆ ಯಾವುದು ಎಂದು ಕೇಳಲೇ ಇಲ್ಲ. ‘ಎಲ್ಲಾ ವಾಟರ್‌ಪ್ರೂಫ್ ಅಮ್ಮಾ’ ಎಂದರು, ನಂಬಿದೆವು.

ಎರಡನೇ ಮಳೆಗಾಲಕ್ಕೆ ಸಿಂಕ್ ಕೆಳಗಿನ ಬಾಗಿಲಿನ ತಳ ಉಬ್ಬಿತು. ಅಂಚಿನ ಪಟ್ಟಿ ಎದ್ದು ಬಂದಿತ್ತು. ಬೆರಳಲ್ಲಿ ಕೆದಕಿದರೆ ಒದ್ದೆ ಹೊಟ್ಟು ಉದುರಿತು. ಆಮೇಲೆ ಹಿಂಜಿನ ಸ್ಕ್ರೂ ಹಿಡಿತ ಬಿಟ್ಟು ಬಾಗಿಲೇ ಜೋತುಬಿತ್ತು. ಅದು ಪಾರ್ಟಿಕಲ್ ಬೋರ್ಡ್, ಅಂದರೆ ಮರದ ಚೂರಿಗೆ ಅಂಟು ಸೇರಿಸಿ ಒತ್ತಿದ ಹಲಗೆ. ಕೇಳಲು ಹೋದರೆ, ‘ಪ್ಲೈವುಡ್ ಅಂತ ಬಿಲ್ಲಿನಲ್ಲಿ ಎಲ್ಲಿ ಬರೆದಿದ್ದೇವೆ?’ ಎಂದರು. ನಿಜ, ಬರೆದಿರಲಿಲ್ಲ. ‘18 ಎಂಎಂ ಶಟರ್, ಗ್ಲಾಸಿ’ (ಶಟರ್ ಎಂದರೆ ಬಾಗಿಲು) ಎಂದಷ್ಟೇ ಇತ್ತು.

ಆಮೇಲೆ ನಮ್ಮೂರ ಆಚಾರ್ರನ್ನು ಕರೆಸಿದೆವು. ಅವರು ಬಾಯಲ್ಲಿ ಹೇಳಲಿಲ್ಲ, ಮಾಡಿಯೇ ತೋರಿಸಿದರು. ಹಳೇ ಪಾತ್ರೆಯಲ್ಲಿ ಮೂರು ತುಂಡು ಹಾಕಿ ಬಚ್ಚಲೊಲೆಯ ಮೇಲೆ ಕುದಿಸಿದರು. ಪಾರ್ಟಿಕಲ್ ಬೋರ್ಡ್ ನೆನೆದ ಅವಲಕ್ಕಿಯ ಹಾಗಾಯಿತು. ಎಂಡಿಎಫ್, ಅಂದರೆ ಮರದ ನಾರಿಗೆ ಅಂಟು ಸೇರಿಸಿ ಒತ್ತಿದ ಹಲಗೆ, ಅಂಚಿನಲ್ಲಿ ಹೂವಿನಂತೆ ಬಿರಿಯಿತು. ಮರೈನ್ ಪ್ಲೈವುಡ್ ತುಂಡು ಸಂಜೆ ತೆಗೆದಾಗಲೂ ಗಟ್ಟಿಯಾಗೇ ಇತ್ತು, ಒಂದು ಪದರವೂ ಬಿಟ್ಟಿರಲಿಲ್ಲ.

ಪ್ಲೈವುಡ್ ಎಂದರೆ ಸಾಲದು ಎಂಬುದೂ ಆಗಲೇ ಗೊತ್ತಾಯಿತು. ಅದರಲ್ಲೂ ದರ್ಜೆಗಳಿವೆ. ಐಎಸ್ ಎಂದರೆ ಭಾರತೀಯ ಮಾನಕದ ನಂಬರ್. ಐಎಸ್ 303ರಲ್ಲಿ ಎರಡು ಬಗೆ. ಎಂಆರ್ ಬರೀ ತೇವ ತಡೆಯುವಂಥದ್ದು. ಬಿಡಬ್ಲ್ಯೂಆರ್ ನೀರಿಗೆ ಅದಕ್ಕಿಂತ ಗಟ್ಟಿ. ಐಎಸ್ 710 ಎಂದರೆ ಮರೈನ್, ಪರೀಕ್ಷೆಯಲ್ಲಿ 72 ಗಂಟೆ ಕುದಿಸಿದರೂ ಅದರ ಅಂಟು ಬಿಡಬಾರದು. ಈ ನಂಬರ್ ಹಲಗೆಯ ಮೇಲೆಯೇ ಐಎಸ್‌ಐ ಗುರುತಿನ ಜೊತೆ ಅಚ್ಚಾಗಿರುತ್ತದೆ. ಸನ್‌ಮೈಕಾ ಅಂಟಿಸಿದ ಮೇಲೆ ಏನೂ ಕಾಣುವುದಿಲ್ಲ. ಹಾಗಾಗಿ ಕೊಯ್ಯುವ ಮೊದಲೇ ನೋಡಬೇಕು.

ಇಡೀ ಅಡುಗೆಮನೆಗೆ ದುಬಾರಿ ಹಲಗೆ ಹಾಕಿಸಿ ಎಂದು ನಾನು ಹೇಳುತ್ತಿಲ್ಲ. ದುಡ್ಡು ಎಲ್ಲರಿಗೂ ಕಷ್ಟವೇ ಅಲ್ವಾ? ಮೇಲಿನ ಸಾಲಿನ ಬಾಗಿಲುಗಳಿಗೆ ನೀರು ತಾಗುವುದಿಲ್ಲ, ಅಲ್ಲಿ ಕಡಿಮೆ ದರದ್ದು ನಡೆಯುತ್ತದೆ. ಸಿಂಕ್ ಕೆಳಗಿನ ಎರಡು ಬಾಗಿಲು ಮತ್ತು ನೆಲ ಒರೆಸುವಾಗ ನೀರು ಸಿಡಿಯುವ ಕೆಳಗಿನ ಡ್ರಾಯರ್‌ಗಳ ಮುಂಭಾಗಕ್ಕೆ ಮಾತ್ರ ಒಳ್ಳೆಯದನ್ನೇ ಹಾಕಿಸಿ. ಬಾಗಿಲಿನ ತಳದ ಅಂಚನ್ನು ಬಗ್ಗಿ ಮುಟ್ಟಿ ನೋಡಿ. ಕಣ್ಣಿಗೆ ಬೀಳುವುದಿಲ್ಲವೆಂದು ಕೆಲವರು ಅಲ್ಲಿ ಪಟ್ಟಿ ಅಂಟಿಸುವುದೇ ಇಲ್ಲ. ನೀರು ಇಳಿದು ನಿಲ್ಲುವುದು ಅಲ್ಲೇ. ಒಲೆ ಪಕ್ಕದ ಡ್ರಾಯರ್‌ಗೆ ಎಂಡಿಎಫ್ ಮೇಲೆ ಮೆಂಬ್ರೇನ್ ಎಂಬ ತೆಳು ಪ್ಲಾಸ್ಟಿಕ್ ಹಾಳೆ ಹೊದಿಸಿದ್ದು ಬೇಡ, ಬಿಸಿಗೆ ಹಾಳೆ ಸುಲಿಯುತ್ತದೆ.

ಕಪಾಟು ಮಾಡುವ ಅಂಗಡಿಯವರಲ್ಲಿ ನನ್ನ ಕೋರಿಕೆ ಒಂದೇ. ಕೊಟೇಶನ್‌ನಲ್ಲಿ ಬಣ್ಣದ ನಂಬರ್ ಬರೆಯುತ್ತೀರಿ, ಪಕ್ಕದಲ್ಲಿ ಹಲಗೆಯ ಹೆಸರು ಮತ್ತು ಐಎಸ್ ನಂಬರ್ ಕೂಡ ಬರೆಯಿರಿ. ಬಾಗಿಲಿಗೆ ಯಾವುದು, ಒಳಗಿನ ಪೆಟ್ಟಿಗೆಗೆ ಯಾವುದು ಎಂದು ಬೇರೆ ಬೇರೆಯಾಗಿಯೇ ಬರೆಯಿರಿ. ಮಾಡಿಸುವವರು ಒಂದು ತುಂಡು ಕೇಳಿ ಪಡೆದು, ರಾತ್ರಿಯಿಡೀ ಬಕೆಟ್ ನೀರಿನಲ್ಲಿ ಹಾಕಿಟ್ಟು, ಬೆಳಿಗ್ಗೆ ನೋಡಿ ಅಡ್ವಾನ್ಸ್ ಕೊಡಲಿ.

– ಒಬ್ಬ ಗೃಹಿಣಿ, ತೀರ್ಥಹಳ್ಳಿ ತಾಲ್ಲೂಕು