ಅಪ್ಪನ ಬೇಸ್ ಗಿಟಾರ್ ಮಾರಿದೆವು, ಜೊತೆಗೆ ನಿಂತ ಎಲ್ಲರಿಗೂ

ಮೊನ್ನೆ ಸೋಮವಾರ ತೀರ್ಥಹಳ್ಳಿಗೆ ಹೋಗಿ ಸೊಸೈಟಿ ಸಾಲ ಪೂರ್ತಿ ಕಟ್ಟಿ ಬಂದೆವು. ರಸೀದಿಯನ್ನು ಅಮ್ಮ ಎರಡು ಸಲ ಓದಿ, ಮಡಚಿ, ದೇವರ ಪಟದ ಹಿಂದೆ ಇಟ್ಟಳು. ಅಷ್ಟಾಗುವವರೆಗೆ ಏನೂ ಬರೆಯಬಾರದು ಅಂದುಕೊಂಡಿದ್ದೆ. ಈಗ ಬರೆಯುತ್ತಿದ್ದೇನೆ. ಅಪ್ಪನ ಬೇಸ್ ಗಿಟಾರ್ (ದಪ್ಪ ತಂತಿಯ, ತಗ್ಗು ಸ್ವರದ ಗಿಟಾರ್) ಯಾವುದು, ಯಾವ ಕಾಲದ್ದು ಅಂತ ಪತ್ತೆ ಮಾಡಲು, ಆಮೇಲೆ ಅದನ್ನು ಮರ್ಯಾದೆಯ ಬೆಲೆಗೆ ಮಾರಲು ಎಷ್ಟು ಜನ ಕೈಹಿಡಿದರು ಅನ್ನುವುದು ಎಲ್ಲರಿಗೂ ಗೊತ್ತಾಗಬೇಕು. ಕೆಲವರಿಗೆ ನಾನಿನ್ನೂ ಬಾಯಿಬಿಟ್ಟು ಥ್ಯಾಂಕ್ಸ್ ಕೂಡ ಹೇಳಿಲ್ಲ.

ಅಪ್ಪ ಹೋಗಿ ಒಂದೂವರೆ ವರ್ಷವಾಯಿತು. ಕೊನೆಯ ಎರಡು ವರ್ಷ ಮಣಿಪಾಲಕ್ಕೆ ಓಡಾಡಿದ್ದೇ ಓಡಾಡಿದ್ದು. ಅದೇ ಹೊತ್ತಿಗೆ ಅಡಿಕೆ ತೋಟಕ್ಕೆ ಎಲೆಚುಕ್ಕಿ ರೋಗ ಬಂತು. ಎಲೆಚುಕ್ಕಿ ಬಿದ್ದ ತೋಟ ಕಂಡವರಿಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ, ಸೋಗೆ ಒಣಗುತ್ತಾ ಹೋಗುತ್ತದೆ, ನಾವು ಕೆಳಗೆ ನಿಂತು ನೋಡುತ್ತಾ ಇರುತ್ತೇವೆ. ಫಸಲು ಅರ್ಧಕ್ಕಿಂತ ಕೆಳಗಿಳಿಯಿತು, ಸಾಲದ ಬಡ್ಡಿ ಮಾತ್ರ ಬೆಳೆಯುತ್ತಲೇ ಇತ್ತು. ಮನೆಯಲ್ಲಿ ಮಾರುವಂಥದ್ದು ಅಂತ ಉಳಿದಿದ್ದು ಅಡುಗೆಮನೆ ಅಟ್ಟದ ಮೇಲಿದ್ದ ಆ ಕಪ್ಪು ಪೆಟ್ಟಿಗೆ ಒಂದೇ.

ಅಪ್ಪ ಆ ಬೇಸ್ ತಂದಿದ್ದು 1979ರಲ್ಲಿ. ಬೆಂಗಳೂರಿನ ಕಂಟೋನ್ಮೆಂಟ್‌ನಲ್ಲಿ ಯಾರೋ ಬ್ಯಾಂಡಿನವರು ದೇಶ ಬಿಟ್ಟು ಹೊರಟಿದ್ದರಂತೆ, ಅವರಿಂದ. ಅಡಿಕೆ ಮಾರಿದ ದುಡ್ಡನ್ನು ಅಜ್ಜನಿಗೆ ಕೊಡುವ ಬದಲು ಇದಕ್ಕೆ ಕೊಟ್ಟು ಬಂದಿದ್ದ. ಅಜ್ಜ ಆ ಮಳೆಗಾಲ ಪೂರ್ತಿ ಅಪ್ಪನ ಜೊತೆ ಮಾತಾಡಲಿಲ್ಲ. ಶಿವಮೊಗ್ಗದ ಒಂದು ಆರ್ಕೆಸ್ಟ್ರಾದಲ್ಲಿ ಅಪ್ಪ ಹದಿಮೂರು ವರ್ಷ ನುಡಿಸಿದ. ಗಣಪತಿ ಪೆಂಡಾಲು, ಮದುವೆ ಮನೆ, ಸಾಗರದ ಮಾರಿಕಾಂಬಾ ಜಾತ್ರೆ, ನಮ್ಮೂರ ಎಳ್ಳಮಾವಾಸ್ಯೆ ಜಾತ್ರೆ. ಕೀಬೋರ್ಡಿನವರು ಎಡಗೈಯಲ್ಲೇ ಬೇಸ್ ನುಡಿಸಲು ಶುರು ಮಾಡಿದ ಮೇಲೆ ಕರೆಯುವವರು ಕಡಿಮೆಯಾದರು. ಪೆಟ್ಟಿಗೆ ಅಟ್ಟ ಸೇರಿತು.

ಮೊದಲ ಥ್ಯಾಂಕ್ಸ್ ಅಮ್ಮನಿಗೆ. ನಮ್ಮ ಕಡೆ ಮಳೆಗಾಲದಲ್ಲಿ ಚಪ್ಪಲಿಗೆ ಬೂಸ್ಟು, ಬೆಲ್ಟಿಗೆ ಬೂಸ್ಟು, ಪೆಟ್ಟಿಗೆಯೊಳಗಿನ ರೇಷ್ಮೆ ಸೀರೆಗೂ ಬೂಸ್ಟು. ಅಮ್ಮ ಬೇಸನ್ನು ಹಳೇ ಹತ್ತಿ ಸೀರೆಯಲ್ಲಿ ಸುತ್ತಿ, ಒಲೆಯ ನೇರಕ್ಕೆ ಅಲ್ಲ, ಸ್ವಲ್ಪ ಪಕ್ಕಕ್ಕೆ, ಬಿಸಿ ತಾಗುವ ಆದರೆ ಹೊಗೆ ಹೊಡೆಯದ ಜಾಗದಲ್ಲಿ ಇಟ್ಟಿದ್ದಳು. ವರ್ಷಕ್ಕೊಮ್ಮೆ ಸೀರೆ ಬದಲಾಯಿಸುತ್ತಿದ್ದಳು. ಇದು ನನಗೆ ಗೊತ್ತೇ ಇರಲಿಲ್ಲ.

ಎರಡನೆಯದು ಶಿವಮೊಗ್ಗದ ಚರ್ಚಿನಲ್ಲಿ ಬೇಸ್ ನುಡಿಸುವ ಹುಡುಗನಿಗೆ. ನನ್ನ ಸಹೋದ್ಯೋಗಿಯ ತಮ್ಮ. ಫೋಟೋ ಕಳಿಸಿದ ಹತ್ತು ನಿಮಿಷಕ್ಕೆ ಫೋನ್ ಮಾಡಿದ. ಆಗ ನನ್ನ ಕೈಯಲ್ಲಿ ಕೊಬ್ಬರಿ ಎಣ್ಣೆ ಅದ್ದಿದ ಬಟ್ಟೆ ಇತ್ತು. "ಅಕ್ಕಾ, ಒರೆಸಬೇಡಿ. ಪಾಲಿಶ್ ಬೇಡ, ಎಣ್ಣೆ ಬೇಡ, ಒಂದು ಸ್ಕ್ರೂ ಸಹ ಬದಲಾಯಿಸಬೇಡಿ, ನಾನು ಬರ್ತೀನಿ" ಅಂದ. ಬಂದು ನೋಡಿ, ಇದು ಅಮೆರಿಕದ ಫೆಂಡರ್ ಕಂಪನಿಯ ಪ್ರಿಸಿಷನ್ ಬೇಸ್ ಅನ್ನುವ ಮಾದರಿ ಇರಬಹುದು, ಆದರೆ ತಲೆಭಾಗದ ಹೆಸರು ನೋಡಿ ನಂಬುವ ಹಾಗಿಲ್ಲ ಅಂದ. ಆ ಸ್ಟಿಕ್ಕರ್ ಬೇರೆಯಾಗಿಯೇ ಸಿಗುತ್ತದಂತೆ, ಯಾವ ಗಿಟಾರಿಗೆ ಬೇಕಾದರೂ ಅಂಟಿಸಬಹುದಂತೆ. ಹಳೆಯದಕ್ಕೆ ಮತ್ತೆ ಬಣ್ಣ ಹೊಡೆಸಿದರೆ ಬೆಲೆ ಸುಮಾರು ಅರ್ಧಕ್ಕೆ ಬೀಳುತ್ತದೆ ಅಂತಲೂ ಅವನೇ ಹೇಳಿದ್ದು.

ನಡುವೆ ಒಂದು ಕಹಿ ಇದೆ, ಚಿಕ್ಕದಾಗಿ ಹೇಳಿ ಮುಗಿಸುತ್ತೇನೆ. ಬಡ್ಡಿ ಕಟ್ಟುವ ದಿನ ಹತ್ತಿರ ಬಂದಿತ್ತು, ತಡೆಯಲಾಗದೆ ಒಂದು ಅಂಗಡಿಗೆ ತೆಗೆದುಕೊಂಡು ಹೋದೆ. ಯಾವ ಊರು, ಯಾವ ಅಂಗಡಿ ಅಂತ ಬರೆಯುವುದಿಲ್ಲ. ಅವರು ನನ್ನೆದುರೇ ಬಿಚ್ಚಿ ನೋಡಿ, ಒಳಗಿನ ವಾಲ್ಯೂಮ್ ಕಂಟ್ರೋಲ್ 1966ರದ್ದು, ನೆಕ್, ಅಂದರೆ ತಂತಿ ಹಾದುಹೋಗುವ ಉದ್ದನೆ ಹಿಡಿ, 1968ರದ್ದು, ಇದು ಎರಡು ಮೂರು ಗಿಟಾರಿನ ತುಂಡು ಸೇರಿಸಿದ ಡೂಪ್ಲಿಕೇಟ್ ಮಾಲು, 25,000 ಕೊಡ್ತೇನೆ, ಇಲ್ಲೇ ಬಿಟ್ಟು ಹೋಗಿ ಅಂದರು. ನಾನು ಹೂಂ ಅನ್ನುವುದರಲ್ಲಿದ್ದೆ. ಆ ಹುಡುಗ ಫೋನಿನಲ್ಲೇ ಗಟ್ಟಿಯಾಗಿ "ಬೇಡ ಅಕ್ಕಾ, ವಾಪಸ್ ತನ್ನಿ" ಅಂದ. ವಾಪಸ್ ತಂದುಬಿಟ್ಟೆ. ಬಡ್ಡಿಗೆ ಅಂತ ಅವನ ಅಮ್ಮ ಒಂದು ತಿಂಗಳ ಮಟ್ಟಿಗೆ ಕೈಸಾಲ ಕೊಟ್ಟರು, ಕಾಗದ ಪತ್ರ ಏನೂ ಇಲ್ಲದೆ. ಆಂಟಿ, ನಿಮ್ಮ ಋಣ ನಾನು ಮರೆಯುವುದಿಲ್ಲ.

ಆಮೇಲೆ ಬೆಂಗಳೂರಿನಲ್ಲಿ ಗಿಟಾರ್ ರಿಪೇರಿ ಮಾಡುವ ಒಬ್ಬ ಹಿರಿಯರ ಹತ್ತಿರ ಹೋಗಿದ್ದು. ಬೆಳಗ್ಗೆ ಜನಶತಾಬ್ದಿಯಲ್ಲಿ ಪೆಟ್ಟಿಗೆ ಇಡಲು ಜಾಗವಿಲ್ಲದೆ ನಿಂತಾಗ, ಪಕ್ಕದ ಸೀಟಿನವರು ತಮ್ಮ ಬ್ಯಾಗೆಲ್ಲ ಕಾಲಡಿಗೆ ಎಳೆದುಕೊಂಡು ಮೇಲೆ ಜಾಗ ಮಾಡಿಕೊಟ್ಟರು. ಅವರ ಹೆಸರು ಕೇಳಲಿಲ್ಲ. ಅವರಿಗೂ ಥ್ಯಾಂಕ್ಸ್.

ಸರ್ ನಮ್ಮ ಮುಂದೆ ಎರಡು ಗಂಟೆ ಕೂತರು. ಇದನ್ನು ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ, ಯಾಕೆಂದರೆ ನಮ್ಮ ಕಡೆ ಇನ್ನೂ ಎಷ್ಟು ಅಟ್ಟಗಳ ಮೇಲೆ ಇಂಥ ಪೆಟ್ಟಿಗೆ ಇದೆಯೋ. ಮೊದಲು ತಂತಿ ಸಡಿಲ ಮಾಡಿದರು. ಹಿಂದುಗಡೆ ನಾಲ್ಕು ಸ್ಕ್ರೂ ಇರುವ ತಗಡು, ಅದರ ಮೇಲೆ ಆರು ಅಂಕಿಯ ನಂಬರು, ದೊಡ್ಡ ಎಫ್ ಅಕ್ಷರ. ಈ ಎಫ್ ತಗಡು 1965ರ ಕೊನೆಯಿಂದ 1976ರವರೆಗೆ ಬಂದಿದ್ದು, ಕಾರ್ಖಾನೆಯಲ್ಲಿ ಡಬ್ಬದಿಂದ ಕೈಗೆ ಸಿಕ್ಕಿದ್ದನ್ನು ಹಾಕುತ್ತಿದ್ದರು, ಹಾಗಾಗಿ ನಂಬರಿನಿಂದ ಅಂದಾಜು ಕಾಲ ಮಾತ್ರ ಗೊತ್ತಾಗುತ್ತದೆ ಅಂದರು. ನೆಕ್ ಬಿಚ್ಚಿದಾಗ ಬುಡದಲ್ಲಿ ಸೀಲು: 5, ಆಮೇಲೆ ಮಾರ್ಚ್ 68, ಕೊನೆಗೆ ಸಿ. 5 ಅಂದರೆ ಪ್ರಿಸಿಷನ್ ಬೇಸ್, ಸಿ ಅಂದರೆ ತಲೆಭಾಗದ ತುದಿಯಲ್ಲಿ ನೆಕ್ಕಿನ ಅಗಲ ಒಂದೂ ಮುಕ್ಕಾಲು ಇಂಚು. ಸರ್ ಸ್ಕೇಲ್ ಇಟ್ಟು ಅಳೆದು ತೋರಿಸಿದರು, ಸರಿಯಾಗಿ ಅಷ್ಟೇ ಇತ್ತು.

ಹಾಗಾದರೆ ಆ 66? ವಾಲ್ಯೂಮ್ ಕಂಟ್ರೋಲಿನ ಬೆನ್ನ ಮೇಲೆ 137ರಿಂದ ಶುರುವಾಗುವ ಏಳು ಅಂಕಿ ಇರುತ್ತದೆ. 137 ಅಂದರೆ ಸಿಟಿಎಸ್ ಅನ್ನುವ ಕಂಪನಿ, ಆಮೇಲಿನ 66 ವರ್ಷ, ಕೊನೆಯ ಎರಡು ಅಂಕಿ ವಾರ. ಫೆಂಡರ್ ಕಂಪನಿ ಕಟ್ಟಿದ ಲಿಯೋ ಫೆಂಡರ್ 1965ರ ಜನವರಿಯಲ್ಲಿ ಅದನ್ನು 1.3 ಕೋಟಿ ಡಾಲರಿಗೆ ಅಮೆರಿಕದ ರೇಡಿಯೋ-ಟಿವಿ ಕಂಪನಿ ಸಿಬಿಎಸ್‌ಗೆ ಮಾರಿದ. ಹೊಸ ಮಾಲೀಕರು 1966ರಲ್ಲಿ ಈ ಕಂಟ್ರೋಲುಗಳನ್ನು ಎಷ್ಟು ರಾಶಿ ಕೊಂಡರು ಅಂದರೆ 1969ರವರೆಗೂ ಅದೇ ದಾಸ್ತಾನು ಬಳಸಿದರು. ಅಂದರೆ 68ರ ಗಿಟಾರಿನಲ್ಲಿ 66ರ ಕಂಟ್ರೋಲ್ ಇರುವುದೇ ಸಹಜ. ಯಾವುದನ್ನು ತೋರಿಸಿ ಡೂಪ್ಲಿಕೇಟ್ ಅಂದಿದ್ದರೋ ಅದೇ ಅಸಲಿ ಅನ್ನುವುದಕ್ಕೆ ಗುರುತಾಯಿತು. ನನಗೆ ಅಲ್ಲೇ ಕಣ್ಣಲ್ಲಿ ನೀರು ಬಂತು. ಅಪ್ಪ ಮೋಸ ಹೋಗಿರಲಿಲ್ಲ. ಅಜ್ಜ ಸಾಯುವವರೆಗೂ ಅದನ್ನೇ ಹೇಳುತ್ತಿದ್ದರು, ನಿನಗೆ ಟೋಪಿ ಹಾಕಿದ್ದಾರೆ ಅಂತ.

ಗಿಟಾರಿನ ಮುಂಭಾಗದ ಪ್ಲಾಸ್ಟಿಕ್ ಹಾಳೆ ಎತ್ತಿದಾಗ ಅದರಡಿ ಮುಚ್ಚಿಕೊಂಡಿದ್ದ ಕೆಂಪು ಬಣ್ಣ ದಾಸವಾಳದ ಹಾಗೆ ಕಂಡಿತು. ಹೊರಗೆ ಬೆಳಕು ಬಿದ್ದ ಕಡೆ ಮಾಸಿ ಜೇನಿನ ಬಣ್ಣಕ್ಕೆ ತಿರುಗಿದೆ. ಬಣ್ಣ ಮೊದಲಿನದೇ ಅನ್ನುವುದಕ್ಕೆ ಅದೂ ಒಂದು ಸಾಕ್ಷಿ. ಎಲ್ಲವೂ ಮೊದಲಿನದಲ್ಲ. ಟೋನ್ ಕಂಟ್ರೋಲನ್ನು ಯಾರೋ ರೇಡಿಯೋ ರಿಪೇರಿಯವರು ಬದಲಾಯಿಸಿದ್ದಾರೆ, ನಾಲ್ಕು ಬಿರಡೆಗಳಲ್ಲಿ ಒಂದು ಬೇರೆ. ಇದೆರಡನ್ನೂ ಕೊಳ್ಳುವವರಿಗೆ ಮೊದಲೇ ಹೇಳಬೇಕು, ಕೇಳುವವರೆಗೆ ಕಾಯಬಾರದು ಅಂದರು ಸರ್. 1965ಕ್ಕಿಂತ ಹಿಂದಿನದಾಗಿದ್ದರೆ ಬೆಲೆ ಇನ್ನೂ ಜಾಸ್ತಿ ಇರುತ್ತಿತ್ತು, ಸುಮ್ನೆ ಆಸೆ ಇಟ್ಟುಕೊಳ್ಳಬೇಡಿ ಅಂತಲೂ ಹೇಳಿದರು.

ನೆಕ್ ಕೂರುವ ಗುಳಿಯಲ್ಲಿ ಒಂದು ಕಾಗದದ ತುಂಡು ಮಡಚಿ ಇಟ್ಟಿತ್ತು. ನೆಕ್ಕಿನ ಓರೆ ಸರಿಮಾಡಲು ಹೀಗೆ ಸಣ್ಣ ಪಟ್ಟಿ ಇಡುವುದುಂಟಂತೆ. ಬಿಡಿಸಿ ನೋಡಿದರೆ ಯಾರದೋ ಲಗ್ನಪತ್ರಿಕೆಯ ಮೂಲೆ. ಅಂಚಿನಲ್ಲಿ ಅರಿಶಿನ. "ಬೆಜ್ಜವಳ್ಳಿ" ಅನ್ನುವ ಒಂದು ಪದ ಮಾತ್ರ ಓದಲು ಬರುತ್ತದೆ. ಯಾವುದೋ ಮದುವೆಯಲ್ಲಿ ನುಡಿಸಲು ಹೋದಾಗ ಅಪ್ಪ ಅಲ್ಲೇ ಹರಿದು ಇಟ್ಟಿರಬೇಕು. ಸರ್ ಅದರ ಬದಲು ಮೇಪಲ್ ಮರದ ತೆಳು ಪಟ್ಟಿ ಇಟ್ಟು, ಕಾಗದವನ್ನು ನನ್ನ ಕೈಗೆ ಕೊಟ್ಟರು. ಎಷ್ಟು ಕೊಡಲಿ ಅಂದರೆ ಒಂದು ಕಾಫಿ ಕೊಡಿಸಿ ಸಾಕು ಅಂದರು. ಸರ್, ಈ ಸಲದ ಅಡಿಕೆ ಕೊಯ್ಲಿಗೆ ಮನೆಯವರನ್ನೆಲ್ಲ ಕರೆದುಕೊಂಡು ಬರಲೇಬೇಕು.

ಭದ್ರಾವತಿಯ ಡ್ರಮ್ಸ್ ಮಾಮ, ಅಪ್ಪನ ಆರ್ಕೆಸ್ಟ್ರಾದವರು, ಮೊಣಕಾಲು ನೋವಿನಲ್ಲೂ ಒಂದು ಟ್ರಂಕ್ ಪೂರ್ತಿ ಕೆದಕಿ ಸಾಗರದ ಜಾತ್ರೆಯ ಫೋಟೋ ಹುಡುಕಿ ಕೊಟ್ಟರು. ಅದರಲ್ಲಿ ಬೇಸ್ ಮೇಲೆ ಎರಡು ಹೊಳೆಯುವ ಲೋಹದ ಮುಚ್ಚಳ ಕಾಣುತ್ತದೆ. ನಮ್ಮ ಹತ್ತಿರ ಇದ್ದದ್ದು ಅವುಗಳ ಸ್ಕ್ರೂ ತೂತು ಮಾತ್ರ. ಬೇಸ್ ನುಡಿಸುವವರು ಕೈಗೆ ಅಡ್ಡ ಅಂತ ಆ ಮುಚ್ಚಳಗಳನ್ನು ಬಿಚ್ಚಿ ಎಲ್ಲೋ ಬಿಸಾಕುತ್ತಿದ್ದರಂತೆ, ಅದಕ್ಕೇ ಈಗ ಅವು ಸಿಗುವುದು ಕಷ್ಟ. ಅಮ್ಮ ಫೋಟೋ ನೋಡಿ, ಏನೂ ಹೇಳದೆ ಒಳಗೆ ಹೋಗಿ, ಹಳೇ ಬಿಸ್ಕತ್ ಡಬ್ಬ ತಂದಳು. ಎರಡೂ ಅದರಲ್ಲಿದ್ದವು, ಸ್ಕ್ರೂ ಮಾತ್ರ ಎರಡು ಕಮ್ಮಿ. ದೊಡ್ಡ ಮುಚ್ಚಳದ ಒಳಗೆ ನಾದ ತಗ್ಗಿಸಲು ಅಂಟಿಸಿದ್ದ ಸ್ಪಂಜು ಮುಟ್ಟಿದ ಕೂಡಲೇ ಪುಡಿಯಾಗಿ ಬೆರಳಿಗೆ ಅಂಟಿತು. ಮಾಮ, ನಿಮ್ಮ ಫೋಟೋ ಇಲ್ಲದಿದ್ದರೆ ಆ ಡಬ್ಬ ಯಾರೂ ತೆರೆಯುತ್ತಿರಲಿಲ್ಲ.

ಹೊರದೇಶಕ್ಕೆ ಮಾರಿದರೆ ಜಾಸ್ತಿ ಸಿಗುತ್ತದೆ ಅಂತ ಹಲವರು ಹೇಳಿದರು. ಆದರೆ ನೆಕ್ಕಿನ ಮೇಲೆ ಬೆರಳೊತ್ತುವ ಪಟ್ಟಿ, ಅಂದರೆ ಫಿಂಗರ್‌ಬೋರ್ಡ್ ರೋಸ್‌ವುಡ್, ನಮ್ಮ ಬೀಟೆಯ ಜಾತಿ. ಬ್ರೆಜಿಲ್‌ನ ಬೀಟೆ 1992ರಿಂದ ಸೈಟಿಸ್ (ಅಳಿವಿನಂಚಿನ ಗಿಡ, ಪ್ರಾಣಿಗಳ ವ್ಯಾಪಾರಕ್ಕೆ ಕಡಿವಾಣ ಹಾಕುವ ಅಂತರರಾಷ್ಟ್ರೀಯ) ಒಪ್ಪಂದದ ಅತಿ ಕಟ್ಟುನಿಟ್ಟಿನ ಪಟ್ಟಿಯಲ್ಲಿದೆ, ಪರವಾನಗಿ ಇಲ್ಲದೆ ಗಡಿ ದಾಟಿಸುವ ಹಾಗಿಲ್ಲ. ಇದು ಯಾವ ದೇಶದ ಬೀಟೆ ಅಂತ ಕಣ್ಣಳತೆಯಲ್ಲಿ ಖಚಿತ ಹೇಳಲು ಬರುವುದಿಲ್ಲ ಅಂದರು ಸರ್. ಬೀಟೆ ಮರದ ಕೇಸು ಏನು ಅಂತ ಮಲೆನಾಡಿನವರಿಗೆ ಗೊತ್ತು ಅಲ್ವಾ. ದೇಶದೊಳಗೇ ಮಾರೋಣ ಅಂತ ತೀರ್ಮಾನ ಮಾಡಿದೆವು.

ಕೊಂಡವರು ಮಂಗಳೂರಿನ ಕಡೆಯವರು, ಇಪ್ಪತ್ತು ವರ್ಷದಿಂದ ಬೇಸ್ ನುಡಿಸುತ್ತಾರೆ. ಆಗುಂಬೆ ಘಾಟಿ ಹತ್ತಿ ಮಳೆಯಲ್ಲೇ ಮನೆಗೆ ಬಂದರು. ನಾವು ಬದಲಾದ ಬಿರಡೆ, ಟೋನ್ ಕಂಟ್ರೋಲ್, ಕಳೆದ ಎರಡು ಸ್ಕ್ರೂ ಎಲ್ಲ ಬರೆದಿಟ್ಟ ಹಾಳೆ ಕೊಟ್ಟೆವು. ಅದಕ್ಕೆ ಎಷ್ಟು ಕಡಿಮೆ ಮಾಡಬೇಕು ಅಂತ ಅವರು ಎದುರೇ ಲೆಕ್ಕ ಹಾಕಿ ಹೇಳಿದರು, ಒಪ್ಪಿಕೊಂಡೆವು. ನಂಬರು ನಮೂದಿಸಿ ಮಾರಾಟ ಪತ್ರ ಬರೆದು ಇಬ್ಬರೂ ಸಹಿ ಹಾಕಿದೆವು, ದುಡ್ಡು ನೇರ ಅಮ್ಮನ ಖಾತೆಗೆ ಬಂತು. ಮೊತ್ತ ಬರೆಯುವುದಿಲ್ಲ, ಅವರು ಬೇಡ ಅಂದಿದ್ದಾರೆ. ಆ ಅಂಗಡಿಯವರು ಹೇಳಿದ್ದರ ಹನ್ನೆರಡು ಪಟ್ಟಿಗಿಂತ ಮೇಲೆ ಅಂತ ಮಾತ್ರ ಹೇಳಬಲ್ಲೆ. ಹೊರಡುವ ಮುಂಚೆ ಅಮ್ಮ ಕಡುಬು ಬಡಿಸಿದಳು. ಪೆಟ್ಟಿಗೆಯ ಜೊತೆ ಆ ಹತ್ತಿ ಸೀರೆಯನ್ನೂ ಕೊಟ್ಟಳು. ಅವರು ಬೇಡ ಅನ್ನಲಿಲ್ಲ, ಮಡಚಿ ಒಳಗಿಟ್ಟುಕೊಂಡರು.

ಕಳೆದ ವಾರ ಅವರು ಒಂದು ರೆಕಾರ್ಡಿಂಗ್ ಕಳಿಸಿದರು. ಫೋನಿನಲ್ಲಿ ಹಾಕಿದರೆ ಬರೀ ಟಿಕ್ ಟಿಕ್ ಅಂತ ಬೆರಳಿನ ಸದ್ದು. ಬೇಸಿನ ದಪ್ಪ ತಂತಿಯ ಸ್ವರ ಸೆಕೆಂಡಿಗೆ 41 ಕಂಪನ ಅಷ್ಟೇ, ಫೋನಿನ ಪುಟ್ಟ ಸ್ಪೀಕರಿಗೆ ಅದು ಎಟುಕುವುದಿಲ್ಲ. ಪಕ್ಕದ ಮನೆ ಅಣ್ಣ ಭಜನಾ ಮಂಡಳಿಯ ದೊಡ್ಡ ಬಾಕ್ಸನ್ನೇ ಹೊತ್ತು ತಂದು ಜಗಲಿಯಲ್ಲಿ ಇಟ್ಟು ಜೋಡಿಸಿಕೊಟ್ಟ, ಅವನಿಗೂ ಥ್ಯಾಂಕ್ಸ್. ಜಗಲಿಯ ಹಲಗೆ ಸಣ್ಣಗೆ ಅದುರಿತು. ಅಮ್ಮ ಕಂಬಕ್ಕೆ ಒರಗಿ ಕೂತು ಕಣ್ಣು ಮುಚ್ಚಿ ಪೂರ್ತಿ ಕೇಳಿದಳು. ಮುಗಿದ ಮೇಲೆ ಕಣ್ಣು ಬಿಟ್ಟು ಒಂದೇ ಮಾತು ಕೇಳಿದಳು: "ತಂತಿ ಬದಲಾಯಿಸಿದ್ದಾರೆ, ಅಲ್ದಾ?"

ಫೋನ್ ಮಾಡಿ ಕೇಳಿದೆ. ಹೌದು, ಬದಲಾಯಿಸಿದ್ದರು. ಹಳೇ ತಂತಿ ಸುತ್ತಿ ಪೋಸ್ಟಿನಲ್ಲಿ ಕಳಿಸುತ್ತೇನೆ ಅಂದಿದ್ದಾರೆ.