ಭಾನುವಾರ ಕಾಪು ಕಡಲಬದಿಯಲ್ಲಿ ತೈಲವರ್ಣ

ಎಲ್ಲರಿಗೂ ನಮಸ್ಕಾರ. ಈ ಭಾನುವಾರ ಸಂಜೆ 4 ಗಂಟೆಗೆ ಕಾಪು ದೀಪಸ್ತಂಭದ ಬಂಡೆಯ ಹತ್ತಿರ ಸೇರೋಣ. ಈ ಸಲ ತೈಲವರ್ಣದವರು ಮಾತ್ರ.

ಕ್ಯಾನ್ವಾಸ್ 12x16 ಇಂಚು ಮೀರದಿರಲಿ, ಅಲ್ಲಿನ ಗಾಳಿಗೆ ದೊಡ್ಡದು ನಿಲ್ಲುವುದಿಲ್ಲ. ತೆಳುವಾಗಿ ಓಕರ್ (ಮಣ್ಣುಹಳದಿ) ಬಳಿದು ಒಣಗಿಸಿಯೇ ತನ್ನಿ. ಕಪ್ಪು ಟ್ಯೂಬ್ ಬೇಡ. ಬಂಡೆಯ ನೆರಳಿಗೆ ಅಲ್ಟ್ರಾಮರೀನ್ ನೀಲಿ, ಬರ್ನ್ಟ್ ಸಿಯೆನಾ ಕಂದು ಬೆರೆಸಿದರೆ ಸಾಕು. ನೊರೆಯನ್ನು ಅಪ್ಪಟ ಬಿಳಿಯಲ್ಲಿ ಬರೆಯಬೇಡಿ, ಹತ್ತಿರ ಹೋಗಿ ನೋಡಿ: ಇಳಿಬಿಸಿಲಲ್ಲಿ ಅದರ ಮಗ್ಗುಲು ತಿಳಿ ನೇರಳೆ.

ಬರುವ ಮೊದಲು ಫ್ರೆಂಚ್ ಚಿತ್ರಕಾರ ಕ್ಲೋದ್ ಮೊನೆ 1872ರಲ್ಲಿ ಫ್ರಾನ್ಸಿನ ಲ ಹಾವ್ರ್ ಬಂದರಿನಲ್ಲಿ ಬರೆದ ಸೂರ್ಯೋದಯದ ಚಿತ್ರವನ್ನು ಫೋನಿನಲ್ಲಿ ಕಪ್ಪುಬಿಳುಪು ಮಾಡಿ ನೋಡಿ. ಸೂರ್ಯ ಹೆಚ್ಚುಕಡಿಮೆ ಮಾಯ! ಅವನು ಉರಿಯುವುದು ಬಿಳಿಯಿಂದಲ್ಲ, ಬೂದುನೀಲಿಯ ನಡುವೆ ಕೂತ ಕಿತ್ತಳೆಯಿಂದ. ನಮ್ಮ ಪಡುಗಡಲ ಮುಳುಗುವ ಸೂರ್ಯನಿಗೂ ಇದನ್ನೇ ಪ್ರಯತ್ನಿಸೋಣ.

ಮೊದಲು ಟರ್ಪೆಂಟೈನ್ ಬೆರೆಸಿದ ತೆಳು ಬಣ್ಣ, ಆಮೇಲೆ ದಪ್ಪ.

ದಯವಿಟ್ಟು ಗಮನಿಸಿ: ಟರ್ಪೆಂಟೈನನ್ನು ಮರಳಿಗೆ, ನೀರಿಗೆ ಚೆಲ್ಲಬಾರದು, ಮುಚ್ಚಳದ ಬಾಟಲಿ ತನ್ನಿ. ಲಿನ್ಸೀಡ್ (ಅಗಸೆ) ಎಣ್ಣೆ ಹೀರಿದ ಬಟ್ಟೆಯನ್ನು ಮುದ್ದೆ ಮಾಡಿ ಬ್ಯಾಗಿನಲ್ಲಿ ತುರುಕಬೇಡಿ, ತಾನಾಗಿ ಬಿಸಿಯೇರಿ ಬೆಂಕಿ ಹಿಡಿಯುತ್ತದೆ. ನೀರು ತುಂಬಿದ ತಗಡಿನ ಡಬ್ಬ ನಾನು ತರುತ್ತೇನೆ, ಅದಕ್ಕೇ ಹಾಕಿ.

ಬರುವವರು ಶುಕ್ರವಾರ ರಾತ್ರಿಯೊಳಗೆ ಇಲ್ಲೇ ತಿಳಿಸಿ. ಈಸಲ್ (ಕ್ಯಾನ್ವಾಸ್ ನಿಲ್ಲಿಸುವ ಸ್ಟ್ಯಾಂಡ್) ಇಲ್ಲದವರು ಅದನ್ನೂ ಬರೆಯಿರಿ, ನನ್ನಲ್ಲಿ ಎರಡು ಹೆಚ್ಚುವರಿ ಇವೆ.