ಬದುವಿನ ಬಿಳಿಕಲ್ಲಿನ ಸಂಗತಿ ನಮಗೂ ತಿಳಿಸಲಿ

ಮಾನ್ಯ ಸಂಪಾದಕರೇ,

ನಾನು ಶ್ರೀರಂಗಪಟ್ಟಣ ತಾಲ್ಲೂಕಿನ ಕಬ್ಬು ಬೆಳೆಗಾರ. ನಾಲೆ ನೀರು ಹತ್ತದ ಮೇಲಿನ ಹೊಲದಲ್ಲಿ ರಾಗಿ, ಹುರುಳಿ ಹಾಕುತ್ತೇನೆ. ಆ ಹೊಲ ಉತ್ತಾಗಲೆಲ್ಲ ಬೆಣಚುಕಲ್ಲು ಮೇಲೇಳುತ್ತವೆ. ನಮ್ಮಪ್ಪ ಅವನ್ನು ಆಯ್ದು ಬದುವಿಗೆ ಎಸೆಯುತ್ತಿದ್ದರು. ಹುಡುಗರಾಗಿದ್ದ ನಾವು ಅದಕ್ಕಂಟಿದ ಕಾಗೆಬಂಗಾರವನ್ನು ಉಗುರಿನಲ್ಲಿ ಎಬ್ಬಿಸಿ ಹಾಳೆಹಾಳೆಯಾಗಿ ಬಿಡಿಸುತ್ತಿದ್ದೆವು.

ಕೆಲವು ವರ್ಷದ ಹಿಂದೆ ಖನಿಜದ ಸರ್ವೆಗೆ ಬಂದವರೊಬ್ಬರು ಅದೇ ಬದುವಿನ ಮೇಲೆ ಕೂತು ಮಜ್ಜಿಗೆ ಕುಡಿದರು. ಚೀಲದಿಂದ ಒಂದು ಕಲ್ಲು ತೆಗೆದು ನನ್ನ ಕೈಗಿಟ್ಟರು. ಬಿಳಿಗೆ ತುಸು ಹಸಿರು ಬೆರೆತ ಬಣ್ಣ, ಸೀಳಿದ ಸೌದೆಯಂತೆ ಉದ್ದುದ್ದ ಎಳೆ. ಹೆಸರು ಸ್ಪೊಡುಮಿನ್, ಒಳಗೆ ಬ್ಯಾಟರಿಗೆ ಬಳಸುವ ಲಿಥಿಯಂ ಲೋಹ ಇದೆ ಎಂದರು. ಭೂಮಿಯೊಳಗೆ ಕಾದು ಕರಗಿದ ಕಲ್ಲು ಆರುತ್ತಾ ಬಂದಾಗ ಕೊನೆಗೆ ಉಳಿದ ರಸ ಬಿರುಕುಗಳಿಗೆ ನುಗ್ಗಿ ನಿಧಾನವಾಗಿ ಹರಳುಗಟ್ಟುತ್ತದಂತೆ. ಅದಕ್ಕೇ ಈ ಬಿಳಿ ಪಟ್ಟೆಗಳಲ್ಲಿ ಹರಳು ಇಷ್ಟು ದಪ್ಪ. ಚಾಮುಂಡಿಬೆಟ್ಟದ ಕಲ್ಲಿಗೆ ಸುಮಾರು 80 ಕೋಟಿ ವರ್ಷ, ಸರಗೂರು ಕಡೆಯ ಕಲ್ಲಿಗೆ 300 ಕೋಟಿ ದಾಟಿದೆ ಎಂದೂ ಹೇಳಿದರು. ನಾನು ಓದಿದ್ದು ಏಳನೇ ಕ್ಲಾಸು, ಆದರೂ ಎಲ್ಲ ಅರ್ಥವಾಯಿತು. ಅಷ್ಟು ಬಿಡಿಸಿ ನಮಗೆ ಹೇಳಿದವರು ಅವರೊಬ್ಬರೇ.

ಮಿಕ್ಕದ್ದೆಲ್ಲ ನಮಗೆ ತಿಳಿದದ್ದು ಟಿವಿಯಿಂದ, ಟೀ ಅಂಗಡಿಯಿಂದ. 2020ರಲ್ಲಿ ನಮ್ಮ ಜಿಲ್ಲೆಯ ಮಾರ್ಲಗಲ್ಲ, ಅಲ್ಲಾಪಟ್ಟಣದ ಕಡೆ 14,100 ಟನ್ ಲಿಥಿಯಂ ಇದೆ ಎಂದು ಸುದ್ದಿಯಾಯಿತು. ಮರುವರ್ಷ ಸಂಸತ್ತಿನಲ್ಲಿ ಸರ್ಕಾರ ಹೇಳಿದ್ದು 1,600 ಟನ್, ಅದೂ ಪ್ರಾಥಮಿಕ ಅಂದಾಜು, ಇನ್ನೂ ಖಚಿತವಲ್ಲದ ಲೆಕ್ಕ. ಊರಿನಲ್ಲಿ ಉಳಿದದ್ದು ಮಾತ್ರ ಮೊದಲಿನ ಸಂಖ್ಯೆ. ಬ್ರೋಕರ್‌ಗಳು ಕಾರಿನಲ್ಲಿ ಬಂದರು. ಹೇಗೂ ಸರ್ಕಾರ ಕಿತ್ತುಕೊಳ್ಳುತ್ತೆ, ಈಗಲೇ ಕೊಟ್ಟರೆ ಕೈಗೆ ಕಾಸು ಎಂದು ಹೆದರಿಸಿದರು. ನನ್ನ ದಾಯಾದಿಯೊಬ್ಬ ಮಗಳ ಮದುವೆ ಸಾಲವಿದ್ದವನು, ಎರಡು ಎಕರೆ ಬರೆದುಕೊಟ್ಟ. ಈಗ ಅದೇ ಹೊಲಕ್ಕೆ ಕೂಲಿಗೆ ಹೋಗುತ್ತಾನೆ. ಆ ಅಂದಾಜು ಎಂದರೇನು ಎಂದು ಅವನಿಗೆ ಒಬ್ಬರಾದರೂ ಹೇಳಿದ್ದರೆ ಹೀಗಾಗುತ್ತಿರಲಿಲ್ಲ.

ನಾನು ಗಣಿಯೇ ಬೇಡ ಎನ್ನುವವನಲ್ಲ. ನಮ್ಮ ಜಿಲ್ಲೆಯ ಶಿವನಸಮುದ್ರದ ಕರೆಂಟು 1902ರಲ್ಲೇ ಕೋಲಾರದ ಚಿನ್ನದ ಗಣಿಗೆ ಹೋಯಿತು. ಆ ಗಣಿ 2001ರ ಫೆಬ್ರುವರಿಯಲ್ಲಿ ಮುಚ್ಚಿತು. ನೆಂಟರ ಮದುವೆಗೆಂದು ಕೆಜಿಎಫ್‌ಗೆ ಹೋದಾಗ, ಚಿನ್ನ ತೆಗೆದು ಉಳಿದ ಪುಡಿ ಸುರಿದ ಸೈನೈಡ್ ಗುಡ್ಡ ನೋಡಿದೆ. ಗಾಳಿ ಬೀಸಿದರೆ ಆ ಪುಡಿ ಮನೆಗಳ ಮೇಲೇ ಬರುತ್ತದೆ. ಒಣಹಾಕಿದ ಬಟ್ಟೆಯನ್ನು ಮನೆಯಾಕೆ ಎರಡು ಸಲ ಕೊಡವಿ ಒಳಗೆ ತಂದರು. ಚಿನ್ನ ಹೋಗಿ ಎಷ್ಟೋ ವರ್ಷವಾದರೂ ದೂಳು ಅಲ್ಲೇ ಇದೆ.

ಸ್ಪೊಡುಮಿನ್‌ನಿಂದ ಲಿಥಿಯಂ ತೆಗೆಯಲು ಕಲ್ಲನ್ನು ಪುಡಿಮಾಡಿ, ಸಾವಿರ ಡಿಗ್ರಿಗೂ ಮೇಲೆ ಕಾಯಿಸಿ, ಆಮೇಲೆ ಗಂಧಕಾಮ್ಲ ಸೇರಿಸಿ ಮತ್ತೆ ಹುರಿಯಬೇಕು. ಆ ಕೆಲಸ ಎಲ್ಲಿ ನಡೆಯುತ್ತದೆ, ಉಳಿದ ಪುಡಿ ಎಲ್ಲಿ ಸುರಿಯುತ್ತಾರೆ, ಅದಕ್ಕೆ ನೀರು ನಮ್ಮ ನಾಲೆಯದೋ? ಬೇಸಿಗೆ ಬೆಳೆಗೆ ಸರದಿಯ ಮೇಲೆ ಕಟ್ಟುನೀರು ಬಿಡುವಾಗಲೇ ಮೇಲಿನವರು, ಕೆಳಗಿನವರು ಜಗಳವಾಡುವ ಊರು ನಮ್ಮದು. ನಮ್ಮೂರ ಪಕ್ಕದ ಹಳೇ ಜಲ್ಲಿ ಕ್ವಾರಿಗೆ ಇವತ್ತಿಗೂ ಬೇಲಿಯಿಲ್ಲ. ಹೋದ ಮಳೆಗಾಲದಲ್ಲಿ ನನ್ನ ಎಮ್ಮೆಕರು ಅದರಲ್ಲಿ ಬಿದ್ದು ಸತ್ತಿತು. ಲೀಸ್ ಮುಗಿದಿದೆ ಎಂದರೇ ಹೊರತು ಗುಂಡಿ ತಮ್ಮದು ಎಂದು ಒಬ್ಬರೂ ಒಪ್ಪಲಿಲ್ಲ.

2023ರಲ್ಲಿ ಕಾಯ್ದೆ ತಿದ್ದಿ, ಲಿಥಿಯಂ ಗಣಿ ಹರಾಜು ಹಾಕುವ ಅಧಿಕಾರವನ್ನು ಕೇಂದ್ರ ಸರ್ಕಾರ ತಾನೇ ಇಟ್ಟುಕೊಂಡಿದೆ. ಹರಾಜಿನ ಮಾತು ಬರುವ ಮೊದಲೇ ಆ ಭಾಗದ ಪ್ರತಿ ಊರಿನಲ್ಲೂ ಗ್ರಾಮಸಭೆ ಕರೆಯಲಿ. ಯಾವ ಸರ್ವೆ ನಂಬರಿನಲ್ಲಿ ಎಷ್ಟು ಆಳಕ್ಕೆ ಏನು ಸಿಕ್ಕಿದೆ ಎಂಬ ನಕ್ಷೆಯನ್ನು ಕನ್ನಡದಲ್ಲಿ ಪಂಚಾಯ್ತಿ ಗೋಡೆಗೆ ಅಂಟಿಸಲಿ. ತೋಡಿದ ಗುಂಡಿ ಮುಚ್ಚುವ ಹಣವನ್ನು ಮೊದಲೇ ಕಟ್ಟಿಸಿಕೊಳ್ಳಲಿ. ಅಂದು ನನ್ನ ಬದುವಿನ ಮೇಲೆ ಕೂತು ಹೇಳಿದವರಂಥ ಒಬ್ಬರನ್ನು ಸಭೆಗೆ ಕಳಿಸಿದರೆ ಸಾಕು, ಚಾಪೆ ಹಾಸಿ ಕೂತು ಕೇಳಲು ನಾವು ತಯಾರಿದ್ದೇವೆ.

ಇಂತಿ,
ಒಬ್ಬ ರೈತ,
ಶ್ರೀರಂಗಪಟ್ಟಣ ತಾಲ್ಲೂಕು, ಮಂಡ್ಯ ಜಿಲ್ಲೆ